ನಾಲ್ಕು ತುಂಬಿದ ಚೊಂಬು

ನನ್ನ ಬಾಯಿ ಜೋರು ಎಂದು ಐ.ಡಿ.ಹಳ್ಳಿ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ನಡೆಸುವ ಅಂಗನವಾಡಿಗೆ ಹುಳ ಹಿಡಿದ ಬೇಳೆ ತಂದವನ ತಲೆಯ ಮೇಲೇ ಚೀಲ ಹೊರಿಸಿ ವಾಪಸ್ ಕಳಿಸಿದವಳು ನಾನು. ನಮ್ಮ ಹಟ್ಟಿಯ ಬೇಲಿಯಾಚೆ ಒಂದು ಗುಡಿಸಲಿತ್ತು. ಮುಟ್ಟಾದವರು, ಬಾಣಂತಿಯರು ಅಲ್ಲಿಯೇ ಇರಬೇಕಿತ್ತು. ಅದನ್ನು ಹಾರೆ ಹಿಡಿದು ಕೆಡವಿದವಳೂ ನಾನೇ. ಹಿರೀಕರು ಮೂರು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಹೋಗಲಿ ಬಿಡಿ, ನಾನೂ ಅವರನ್ನು ಮಾತಾಡಿಸಲಿಲ್ಲ. ಆಮೇಲೆ ಮಧುಗಿರಿಯಲ್ಲಿ ಕರೆದು ಶಾಲು ಹೊದಿಸಿದರು, ಧೈರ್ಯವಂತೆ ಎಂದು ಮೈಕಿನಲ್ಲಿ ಹೇಳಿದರು. ಇಂಥ ನನ್ನ ಬಾಯಿ ಒಂದು ಮಾತನ್ನು ಮಾತ್ರ ಮೂವತ್ತೊಂದು ವರ್ಷ ಹೊರಗೆ ಬಿಟ್ಟಿರಲಿಲ್ಲ.

ಆ ಮಾತನ್ನು ಹುಡುಕಿಕೊಂಡು ಒಂದು ಗುರುವಾರ, ಮಕ್ಕಳ ಊಟದ ಹೊತ್ತಿಗೆ, ಒಬ್ಬ ಹುಡುಗಿ ಬಂದಳು. ಹೆಸರು ಮಂಗಳಗೌರಿ. ಹೆಗಲಿಗೊಂದು ಬ್ಯಾಗು, ಬಿಸಿಲಿಗೆ ಕೆಂಪಗಾದ ಮುಖ.

"ಶಿವರಾಜು ಅವರ ವಿಷಯ ಮಾತಾಡಬೇಕಿತ್ತು ಮೇಡಂ. ಅವರ ವಕೀಲರ ಜೊತೆ ಕೆಲಸ ಮಾಡ್ತೀನಿ."

"ಅವನ ವಿಷಯ ಮಾತಾಡೋಕೆ ಟೀವಿಯೋರು ಸಾಲ್ದೇ ಹೋದ್ರಾ?" ಎಂದೆ. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳ ಸಾಲಿನ ಕೊನೆಯಲ್ಲಿ ಚಾಪೆಯ ಮೇಲೆ ಕೂತುಬಿಟ್ಟಳು.

ಶಿವರಾಜು ನನ್ನ ಚಿಕ್ಕಪ್ಪ ಕ್ಯಾತಣ್ಣನ ಮಗ. ನನಗಿಂತ ಹತ್ತು ವರ್ಷ ಚಿಕ್ಕವನು. ಹದಿನಾಲ್ಕಕ್ಕೆ ಹಟ್ಟಿ ಬಿಟ್ಟು ಹೋದವನು ಬೋರ್‌ವೆಲ್ ಲಾರಿಯಲ್ಲಿ ದುಡಿದ, ಆಮೇಲೆ ಪಾವಗಡದ ಕಡೆ ಸೋಲಾರ್ ಪ್ಯಾನೆಲ್ ತೊಳೆಯುವ ಕೂಲಿಗೆ ಸೇರಿದ. ಎರಡು ವರ್ಷದಲ್ಲಿ ಅವನು ನಾಲ್ಕು ಜನ ಹೆಂಗಸರನ್ನು ಕೊಂದ. ಶಿರಾದಲ್ಲಿ ಒಬ್ಬರು, ಮಧುಗಿರಿಯ ಹೊರಗೆ ಒಬ್ಬರು, ಪಾವಗಡದ ಒಂದು ಹಳ್ಳಿಯಲ್ಲಿ ಒಬ್ಬರು, ಕೊನೆಗೆ ಕೊರಟಗೆರೆಯ ತೋವಿನಕೆರೆಯಲ್ಲಿ ನರಸಿಂಹಮ್ಮ ಎನ್ನುವವರು. ಎಲ್ಲರೂ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇದ್ದವರು. ಅಪರಾಧ ಸಾಬೀತಾಗಿತ್ತು. ಗಲ್ಲೋ ಜೀವಾವಧಿಯೋ ಅನ್ನುವುದೊಂದು ಬಾಕಿ. ಅದನ್ನು ತೀರ್ಮಾನಿಸುವ ಮೊದಲು, ಇವನು ಎಂಥ ಮನೆಯಲ್ಲಿ ಹುಟ್ಟಿದ, ಹೇಗೆ ಬೆಳೆದ ಎಂದು ವಿಚಾರಿಸಿ ವರದಿ ಕೊಡಬೇಕಂತೆ. ಆ ವರದಿ ಬರೆಯುವವಳೇ ಈ ಮಂಗಳಗೌರಿ. ಸೋಮವಾರ ಕೋರ್ಟು.

"ಹಟ್ಟೀಲಿ ಎಲ್ಲರನ್ನೂ ಕೇಳಿದೆ," ಎಂದಳು. "ತಾಯಿ ಜುಂಜಮ್ಮ ಜ್ವರ ಬಂದು ತೀರಿಕೊಂಡ್ರು ಅಂತಾರೆ. ಅಷ್ಟು ಬಿಟ್ರೆ ಬೇರೆ ಮಾತಿಲ್ಲ. ಶಿವರಾಜು ಅವರೂ ಜೈಲಲ್ಲಿ ಬಾಯೇ ಬಿಡಲ್ಲ. ಮೂರನೇ ಸಲ ಹೋದಾಗ ಒಂದೇ ಒಂದು ಮಾತು ಹೇಳಿದ್ರು. 'ಎಲ್ಲಾ ಬಾಗ್ಲೂ ಹಾಕಿದ್ವು. ಯಶೋದಕ್ಕ ಒಬ್ಳೇ ತೆಗ್ದು ನೀರು ಕೊಟ್ಲು.' ಯಶೋದಕ್ಕ ಅಂದ್ರೆ ನೀವೇ ಅಲ್ವಾ? ಏನು ಮೇಡಂ ಅದು?"

ನಾನು ಮಕ್ಕಳ ತಟ್ಟೆ ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ.

"ನಾಳೆ ಬಾರಮ್ಮ," ಎಂದೆ.

ಅವನ ವಿಚಾರಣೆ ನಡೆಯುವಾಗ ನಾನು ಯಾರಿಗೂ ಹೇಳದೆ ಮೂರು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿ ಕೇಳಿದ ಒಂದು ಸಂಗತಿ ನನ್ನ ನಿದ್ದೆ ತಿಂದುಹಾಕಿತ್ತು. ನಾಲ್ಕು ಮನೆಯಲ್ಲೂ ಮುಂಬಾಗಿಲು ಒಳಗಿನಿಂದ ಚಿಲಕ ಹಾಕಿದಂತೇ ಇತ್ತು. ಪೊಲೀಸರ ಪ್ರಕಾರ ಅವನು ನೀರು ಕೇಳಿದ್ದಾನೆ, ಒಳಗಿನವರು ತೆಗೆದಿಲ್ಲ, ಅವನು ಹಿತ್ತಿಲ ಗೋಡೆ ಹಾರಿ ಒಳಗೆ ಹೋಗಿದ್ದಾನೆ. ಮಾಡುವುದನ್ನು ಮಾಡಿ, ಹಿತ್ತಿಲಿಂದಲೇ ಸುತ್ತಿ ಬಂದು, ಮುಂಬಾಗಿಲ ಹೊಸ್ತಿಲಿನ ಆಚೆ ಒಂದು ಚೊಂಬು ಇಟ್ಟು ಹೋಗಿದ್ದಾನೆ. ನಾಲ್ಕು ಮನೆ, ನಾಲ್ಕು ಚೊಂಬು. ಆರೋಪಿ ಹೋಗುವಾಗ ನೀರು ಕುಡಿದಿದ್ದಾನೆ ಎಂದು ಓದಿದರು. ಫೋಟೋ ನೋಡಿದರೆ ಚೊಂಬುಗಳು ಕಂಠದವರೆಗೂ ತುಂಬಿದ್ದವು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ.

ವಳ್ಳೂರಿನ ಕಡೆಯ ಒಬ್ಬ ಮುದುಕಿಯೂ ಸಾಕ್ಷಿ ಹೇಳಲು ಬಂದಿತ್ತು. ಅದರ ಮನೆಗೂ ಅವನು ಹೋಗಿದ್ದನಂತೆ. "ನೀಳ್ಳು ಅಡಿಗಿನಾಡು, ಇಚ್ಚಿನಾನು ಸ್ವಾಮಿ. ತಾಗಿ, ಚೆಂಬು ಕಡಿಗಿ ಪೆಟ್ಟಿ ಪೋಯಿನಾಡು," ಎಂದು ತೆಲುಗಿನಲ್ಲಿ ಅಂತು. ನೀರು ಕೇಳಿದ, ಕೊಟ್ಟೆ, ಕುಡಿದು ಚೊಂಬು ತೊಳೆದಿಟ್ಟು ಹೋದ. ಅಷ್ಟೇ. ಬಾಗಿಲು ತೆಗೆದ ಮುದುಕಿಗೆ ಕೈ ಮುಗಿದು ಹೋಗಿದ್ದ. ಆ ಕೋರ್ಟಿನಲ್ಲಿ ಇದೆಲ್ಲ ಯಾಕೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅಪರಾಧಿ ಎಂದು ಹೇಳಿದ ದಿನ ಅಂಗಳದ ನಲ್ಲಿಯ ಹತ್ತಿರ ಒಬ್ಬಳು ಮುಖ ತೊಳೆಯುತ್ತಾ ಅಳುತ್ತಿದ್ದಳು. ನರಸಿಂಹಮ್ಮನ ಮಗಳು ವೇದಾವತಿ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ಓಲೆ, ಸರ ಏನೂ ಮುಟ್ಟಿಲ್ಲ ಕಣಕ್ಕ," ಎಂದಳು. "ಗೊತ್ತಿಲ್ದೋರಿಗೆ ಬಾಗ್ಲು ತೆಗೀಬ್ಯಾಡ ಅಂತ ನಾನೇ ದಿನಾ ಫೋನ್ ಮಾಡಿ ಹೇಳ್ತಿದ್ದೆ. ತೆಗ್ದಿದ್ರೆ ಬದುಕ್ತಿದ್ಲಾ? ನನ್ ಮಾತು ಕೇಳಿ ಸತ್ಲಾ? ಯಾಕ್ ಸಾಯಿಸ್ದ ಅಂತ ಗೊತ್ತಾದ್ರೆ ಸಾಕು." ನಾನೂ ಅವಳ ಜೊತೆ ಅತ್ತೆ. ಅತ್ತು, ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ. ಧೈರ್ಯವಂತೆಯಂತೆ, ಧೈರ್ಯವಂತೆ! ಆ ಶಾಲನ್ನು ಒಲೆಗೆ ಹಾಕಬೇಕು ಅನ್ನಿಸಿತು.

ಮಂಗಳಗೌರಿ ಬಂದುಹೋದ ಸಂಜೆ ನಮ್ಮಪ್ಪ ದೊಡ್ಡರಂಗಪ್ಪ ನನ್ನನ್ನು ಕರೆದ. ಅವನೇ ಹಟ್ಟಿಯ ಯಜಮಾನ. ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು.

"ಒಳ್ಳೇದೇ ಆಯ್ತಲ್ಲವ್ವ," ಅಂದ. "ಅವ್ನೇ ಹೇಳವ್ನೆ ನೀನು ನೀರು ಕೊಟ್ಟೆ ಅಂತ. ಹೂಂ ಅಂದ್ಬುಡು, ಸಾಕು. ಇಡೀ ಹಟ್ಟೀಲಿ ಒಂದ್ ಬಾಗ್ಲಾದ್ರೂ ತೆಗ್ದಿತ್ತು ಅಂತ ಆಯ್ತದೆ."

"ತೆಗೀಲಿಲ್ವಲ್ಲಪ್ಪ."

"ಯಾರ್ ನೋಡಿದ್ರು?"

"ನಾನ್ ನೋಡಿದ್ನಲ್ಲ."

ಅಪ್ಪ ಕಂಬಳಿ ಎಳೆದುಕೊಂಡ. "ಆವತ್ತು ನಿನ್ನ ದೇವ್ರ ಪೆಟ್ಟಿಗೆ ಕಾಯೋಕೆ ಕೂರ್ಸಿದ್ದು ನಾನು ಕಣವ್ವ. ನಿಂದೇನೈತೆ?" ಅಂದ.

"ಅದ್ನ ಕೋರ್ಟಲ್ಲಿ ಬಂದು ಹೇಳ್ತೀಯಾ?"

ಅಪ್ಪ ಗೋಡೆಯ ಕಡೆಗೆ ತಿರುಗಿ ಮಲಗಿದ. ನನಗೆ ಅವನ ಮೇಲೆ ಸಿಟ್ಟು ಬಂತು, ಅವನ ಬೆನ್ನು ನೋಡಿ ಅಯ್ಯೋ ಅನ್ನಿಸಿತು ಕೂಡ.

ಮಾರನೇ ದಿನ ಮಂಗಳಗೌರಿ ಬಂದಾಗ, ಅಂಗನವಾಡಿಯ ಮಕ್ಕಳನ್ನೆಲ್ಲ ಮನೆಗೆ ಕಳಿಸಿ ಬಾಗಿಲು ಪೂರ್ತಿ ತೆರೆದಿಟ್ಟು ಕೂತೆ.

"ಮೊದಲು ಇದು ಹೇಳು. ನಾನು ಬಾಯಿ ಬಿಟ್ರೆ ಅವನು ಮಾಡಿದ್ದು ಸರಿ ಅಂತಾಗುತ್ತಾ? ಯಾಕಂದ್ರೆ ಇವನ ಹಾಗೇ ತಾಯೀನ ಬೇಲಿಯಾಚೆ ಗುಡಿಸಲಲ್ಲಿ ಕಳ್ಕೊಂಡ ಇನ್ನೊಬ್ಬ ನಮ್ಮ ಹಟ್ಟೀಲೇ ಅವನೆ. ಇವತ್ತು ಬಸ್ ಓಡಿಸ್ಕೊಂಡು ಹೆಂಡ್ತಿ ಮಕ್ಕಳ ಜೊತೆ ಚೆನ್ನಾಗವನೆ. ಅವನು ಯಾರ ಕತ್ತನ್ನೂ ಹಿಸುಕಲಿಲ್ಲ."

"ಸರಿ ಅಂತ ಆಗಲ್ಲ ಮೇಡಂ. ಹೇಗಾಯ್ತು ಅಂತ ಗೊತ್ತಾಗುತ್ತೆ, ಅಷ್ಟೇ."

ಹೇಳಿದೆ.

ನನಗೆ ಆಗ ಹದಿನೇಳು. ಅವನಿಗೆ ಏಳು. ಗುಡಿಯ ಚಾವಣಿ ಬದಲಾಯಿಸುತ್ತಿದ್ದರಿಂದ ದೇವರ ಪೆಟ್ಟಿಗೆ ಆ ವಾರ ನಮ್ಮ ನಡುಮನೆಯಲ್ಲಿತ್ತು. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು, ಅವ್ವ ಹೊಲಕ್ಕೆ ಹೋಗಿದ್ದಳು. ಅಪ್ಪ ಸಂತೆಗೆ ಹೊರಡುವ ಮುಂಚೆ ನನ್ನನ್ನು ಪೆಟ್ಟಿಗೆಯ ಮುಂದೆ ಕೂರಿಸಿ, "ಮೈಲಿಗೆ ಆದೋರು ಯಾರೂ ಹೊಸ್ತಿಲು ತುಳೀಕೂಡ್ದು. ತುಳಿದ್ರೆ ಕುರಿ ಒಂದೂ ಉಳಿಯಾಕಿಲ್ಲ, ಹಟ್ಟೀಗೆ ಹಟ್ಟೀನೇ ಹಾಳಾಯ್ತದೆ. ನೀನೇ ಜವಾಬ್ದಾರಿ," ಅಂದಿದ್ದ. ನನ್ನಂಥ ಹುಡುಗಿಗೆ ಅಂಥ ಜವಾಬ್ದಾರಿ ಕೊಟ್ಟರಲ್ಲಾ ಎಂದು ಜಂಬ ನನಗೆ. ಬೆಳಗಿನಿಂದ ಕಾಲು ಮಡಚಿ ಕೂತಿದ್ದೆ.

ಚಿಕ್ಕವ್ವ ಜುಂಜಮ್ಮ ಹೆರಿಗೆಗೆಂದು ಗುಡಿಸಲು ಸೇರಿ ಎರಡು ದಿನವಾಗಿತ್ತು. ಬೇಲಿಯ ಹತ್ತಿರದ ಚಪ್ಪಡಿಯ ಮೇಲೆ ನಾವು ಹಿಟ್ಟಿನ ಮುದ್ದೆ, ನೀರು ಇಟ್ಟು ಬರುತ್ತಿದ್ದೆವು. ನಾವು ಹಿಂದಕ್ಕೆ ಬಂದ ಮೇಲೆ ಅವಳು ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಆ ದಿನ ಚಪ್ಪಡಿಯ ಮೇಲಿನ ಹಿಟ್ಟು ಹಾಗೇ ಇರುವುದನ್ನು, ನೀರಿನ ಮಡಕೆ ಉರುಳಿ ಬರಿದಾಗಿರುವುದನ್ನು ಶಿವರಾಜು ನೋಡಿದ್ದಾನೆ. ಅವ್ವಾ ಎಂದು ಕೂಗಿದ್ದಾನೆ. ಯಾರೂ ಓಗೊಡದೆ ಇದ್ದಾಗ, ಮಗು ತಾನೆ, ಬೇಲಿ ನುಸುಳಿ ಒಳಗೆ ಹೋಗಿದ್ದಾನೆ. ಅವಳಿಗೆ ಹೆರಿಗೆ ಆಗಿತ್ತು, ಕೂಸು ಉಸಿರಾಡಿರಲಿಲ್ಲ, ರಕ್ತ ನಿಂತಿರಲಿಲ್ಲ. ಅವಳು ಮಗನ ಕೈ ಹಿಡಿದು ನೀರು ಕೇಳಿದ್ದಾಳೆ.

ಅವನು ಹಟ್ಟಿಗೆ ಓಡಿ ಬಂದ. ಅವರ ಮನೆಗೆ ಬೀಗ ಹಾಕಿತ್ತು. ನಟ್ಟನಡು ಮಧ್ಯಾಹ್ನ. ಕೈಯೆಲ್ಲ, ಅಂಗಿಯೆಲ್ಲ ರಕ್ತ. ಹೆಂಗಸರು ಅವನನ್ನು ದೂರದಿಂದ ಕಂಡೇ ಬಾಗಿಲು ಹಾಕಿಕೊಂಡರು. ಅವರು ರಾಕ್ಷಸರೇನಲ್ಲ, ನನ್ನ ಅತ್ತೆಯರು, ದೊಡ್ಡವ್ವಂದಿರು. ಎಷ್ಟೋ ಸಲ ಅವನಿಗೆ ತುತ್ತು ಕಲೆಸಿ ಕೊಟ್ಟವರು. ಮುಟ್ಟಿ ಬಂದ ಮಗು ಒಳಗೆ ಬಂದರೆ ದೇವರಿಗೆ ಆಗುವುದಿಲ್ಲ ಎಂದು ನಂಬಿದ್ದರು. ಯಾರಾದರೂ ಒಬ್ಬರು ಹೋಗುತ್ತಾರೆ ಎಂದು ಒಬ್ಬೊಬ್ಬರೂ ಅಂದುಕೊಂಡರು. ಒಂದೊಂದೇ ಬಾಗಿಲು ಬಡಿಯುತ್ತಾ ಅವನು ಬಂದ. ಕೊನೆಯದು ನಮ್ಮದು.

"ಅಕ್ಕ, ನೀರು ಕೊಡಕ್ಕ. ಅವ್ವ ಕೇಳ್ತಾವ್ಳೆ."

ನಾನು ಎದ್ದೆ. ಹರವಿಯಲ್ಲಿ ಚೊಂಬು ಮುಳುಗಿಸಿ ತುಂಬಿಕೊಂಡೆ. ಬಾಗಿಲಿನ ಹತ್ತಿರ ಬಂದೆ. ಬಾಗಿಲ ಹಲಗೆಗಳ ನಡುವೆ ಒಂದು ಬೆರಳಷ್ಟು ಸಂದು. ಅದರಲ್ಲಿ ಅವನ ಕಣ್ಣು ಕಂಡಿತು, ನನ್ನ ಕೈಯ ಚೊಂಬನ್ನೇ ನೋಡುತ್ತಿತ್ತು. ಚಿಲಕದ ಮೇಲೆ ಕೈ ಇಟ್ಟೆ. ಬೆನ್ನ ಹಿಂದೆ ಪೆಟ್ಟಿಗೆ ಇತ್ತು.

"ಹೋಗ್ಲಾ ಶಿವ, ಮುಟ್ಬ್ಯಾಡ ಬಾಗ್ಲ," ಅಂದೆ. ಅದೇ ನನ್ನ ಬಾಯಿಂದ ಬಂದ ಮಾತು. ಚೊಂಬನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳಬಹುದಿತ್ತು. ಅಷ್ಟೂ ತಲೆಗೆ ಹೊಳೆಯಲಿಲ್ಲವೋ, ಹೊಳೆದೂ ಹೆದರಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಅವ್ವ ಹೊಲದಿಂದ ಬರುವಷ್ಟರಲ್ಲಿ ಚಿಕ್ಕವ್ವ ಹೋಗಿಬಿಟ್ಟಿದ್ದಳು. ಅವನು ಅವಳ ಪಕ್ಕದಲ್ಲಿ ಮಲಗಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷ ನೀಲಿ ನಾಲಿಗೆ ರೋಗ ಬಂದು ಕುರಿ ಸತ್ತವು. ಮುಟ್ಟಿಕೊಂಡು ಹಟ್ಟಿಯೊಳಗೆ ಓಡಾಡಿದ ಮಗುವಿನಿಂದಲೇ ಆಯಿತು ಎಂದರು. ಕ್ಯಾತಣ್ಣ ಚಿಕ್ಕಪ್ಪ ಅವನನ್ನು ಕುರಿ ಕಟ್ಟುವ ಹಗ್ಗದಿಂದ ಹೊಡೆಯುತ್ತಿದ್ದ. ಒಂದು ವರ್ಷ ಅವನಿಗೆ ಅದೇ ಚಪ್ಪಡಿಯ ಮೇಲೆ ಊಟ ಇಟ್ಟರು. ಅವನು ತಿನ್ನುತ್ತಿದ್ದ, ತಟ್ಟೆ ತೊಳೆದು ಕವುಚಿಟ್ಟು ಹೋಗುತ್ತಿದ್ದ. ಯಾರ ಜೊತೆಯೂ ಮಾತಿಲ್ಲ. ಒಂದು ಸಲ ಒಂದು ಕುರಿಮರಿಯ ಬಾಯಿಯನ್ನು ಗಟ್ಟಿಯಾಗಿ ಅದುಮಿ ಹಿಡಿದು ಕೂತಿದ್ದನ್ನು ನಾನು ಕಂಡೆ. ಬಿಡಿಸಿಕೊಂಡೆ. ಆಮೇಲೆ ಅದನ್ನು ಮರೆತೆ. ಮರೆಯುವುದು ಸುಲಭವಾಗಿತ್ತು.

ಮಂಗಳಗೌರಿ ಬರೆಯುವುದನ್ನು ನಿಲ್ಲಿಸಿ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು, "ಇದನ್ನ ಅವರ ಮುಂದೆಯೇ ಓದ್ತಾರೆ ಮೇಡಂ. ನೀವು ಬಾಗಿಲು ತೆಗೆದಿದ್ರಿ ಅನ್ನೋದೊಂದನ್ನೇ ಅವರು ಹಿಡ್ಕೊಂಡಿರೋದು. ಅದೂ ಹೋಗುತ್ತೆ. ಯೋಚನೆ ಮಾಡಿ."

ಶನಿವಾರ, ಭಾನುವಾರ ಅದನ್ನೇ ಯೋಚಿಸಿದೆ. ಹೂಂ ಅಂದರೆ ನನ್ನ ಹೆಸರು ಉಳಿಯುತ್ತದೆ, ಅವನ ಒಂದು ಒಳ್ಳೆಯ ನೆನಪೂ ಉಳಿಯುತ್ತದೆ. ಇದಕ್ಕಿಂತ ಸಲೀಸಾದ ಸುಳ್ಳು ಯಾರಿಗೆ ಸಿಗುತ್ತದೆ? ಆದರೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ವೇದಾವತಿ ಕಣ್ಣಮುಂದೆ ಬರುತ್ತಿದ್ದಳು. ತನ್ನ ಮಾತಿನಿಂದಲೇ ತಾಯಿ ಸತ್ತಳು ಎಂದು ಅವಳು ಜೀವಮಾನವಿಡೀ ಅಳಬೇಕು, ನಾನು ಶಾಲು ಹೊದ್ದುಕೊಂಡು ತಿರುಗಬೇಕು. ಥೂ, ನನ್ನ ಜನ್ಮಕ್ಕಿಷ್ಟು ಎಂದು ಸೋಮವಾರ ಮೊದಲ ಬಸ್ಸಿಗೇ ಹೊರಟೆ. ಅಪ್ಪ ಬಾಗಿಲಲ್ಲಿ ಕೂತಿದ್ದ, ತಡೆಯಲಿಲ್ಲ. "ನನ್ನ ಹೆಸ್ರೂ ಹೇಳವ್ವ," ಅಂದ.

ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು, ಎದ್ದು ನಿಂತೆ. ಎಲ್ಲಾ ಹೇಳಿದೆ. ಅಪ್ಪನ ಹೆಸರೂ ಹೇಳಿದೆ. ಎದುರು ಪಕ್ಷದ ವಕೀಲರು ಎದ್ದು, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದರು.

"ನಾಚಿಕೆ ಆಗಿತ್ತು ಸ್ವಾಮಿ," ಎಂದೆ. ಅವರು ಕೂತುಬಿಟ್ಟರು.

ಶಿವರಾಜು ಇದ್ದ ಕಡೆ ನಾನು ನೋಡಲಿಲ್ಲ.

ಊಟದ ಬಿಡುವಿನಲ್ಲಿ ವೇದಾವತಿ ಅಂಗಳದಲ್ಲಿ ನನ್ನ ಎದುರಿಗೆ ಬಂದು ನಿಂತಳು. "ನೀವು ಅವ್ನ ಅಕ್ಕನಾ? ಆವತ್ತು ನನ್ ಜೊತೆ ಅತ್ರಲ್ಲ!"

"ಹೂಂ ಕಣವ್ವ."

"ಬಾಗ್ಲು ಹಾಕ್ದೋರು ನೀವು. ಸತ್ತೋಳು ನಮ್ಮವ್ವ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮವ್ವ ಯಾವ ಮಗೂಗೂ ಬಾಗ್ಲು ಹಾಕ್ದೋಳಲ್ಲ. ನಿಮ್ ಹಟ್ಟಿ ಎಲ್ಲೈತೆ ಅಂತ್ಲೂ ಅವ್ಳಿಗೆ ಗೊತ್ತಿರ್ಲಿಲ್ಲ."

"ಇಲ್ಲ ಕಣವ್ವ. ಅವರದ್ದು ಏನೂ ತಪ್ಪಿಲ್ಲ. ನಿಂದೂ ಇಲ್ಲ. ನಿನ್ ಮಾತಿಗೆ ಸಾಯ್ಲಿಲ್ಲ ನಿಮ್ಮವ್ವ."

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ನನಗೂ ಹಗುರವಾಗುತ್ತಿತ್ತು. "ಅವ್ನನ್ನ ನಾನು ಕ್ಷಮಿಸಾಕಿಲ್ಲ," ಅಂದಳು. "ನಿಮ್ಮುನ್ನೂ ಇಲ್ಲ. ಹೇಳಿದ್ದು ಒಳ್ಳೇದಾಯ್ತು." ಹೊರಟುಹೋದಳು.

ಮಧ್ಯಾಹ್ನ ನ್ಯಾಯಾಧೀಶರು ಶಿವರಾಜುವನ್ನು, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ವಿಚಾರಣೆಯುದ್ದಕ್ಕೂ ಅವನು ತುಟಿ ಬಿಚ್ಚಿದವನಲ್ಲ. ಈಗ ಎದ್ದು ನಿಂತ. ಆಗ ನೋಡಿದೆ ಅವನನ್ನು. ತಲೆ ಅಲ್ಲಲ್ಲಿ ನರೆತಿತ್ತು. ಕಣ್ಣು ಮಾತ್ರ ಆ ಸಂದಿನಲ್ಲಿ ಕಂಡಿದ್ದೇ.

"ಅಕ್ಕ ಮರ್ತವ್ಳೆ ಸ್ವಾಮಿ," ಅಂದ. "ಅವ್ಳು ಬಾಗ್ಲು ತೆಗ್ದಿದ್ಲು. ನೀರು ಕೊಟ್ಲು. ನಾನು ತಗೊಂಡೋಗಿ ಅವ್ವಂಗೆ ಕುಡಿಸ್ದೆ. ಅವ್ವ ಕುಡಿದ್ಲು. ಬರ್ಕೊಳ್ಳಿ ಅದನ್ನ."

"ಇಲ್ಲ ಸ್ವಾಮಿ," ಎಂದು ನಾನು ಎದ್ದೆ. ಮಂಗಳಗೌರಿ ನನ್ನ ಸೆರಗು ಹಿಡಿದು ಕೂರಿಸಿದಳು.

"ಬರ್ಕೊಳ್ಳಿ," ಅಂದ ಮತ್ತೆ, ಮಗು ಹಟ ಮಾಡುವ ಹಾಗೆ. ಸತ್ತವರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನು ಅರ್ಥವಾಗದವನ ಹಾಗೆ ಸುತ್ತ ನೋಡಿ ಕೂತುಬಿಟ್ಟ. ನನ್ನ ಎರಡು ಸಾಲು ಮುಂದೆ ವೇದಾವತಿಯ ಬೆನ್ನು ನೆಟ್ಟಗಾಯಿತು. ಅವಳ ತಾಯಿಗೆ ಅಲ್ಲಿ ಒಂದು ಮಾತೂ ಸಿಗಲಿಲ್ಲ.

ಮೂರು ದಿನದ ಮೇಲೆ ಶಿಕ್ಷೆ ಹೇಳಿದರು. ಗಲ್ಲು ಇಲ್ಲ, ಉಸಿರಿರುವವರೆಗೆ ಜೈಲು. ಕೇಳಿ ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹಟ್ಟಿಯಲ್ಲಿ ಈಗ ಕೆಲವರು ನನ್ನನ್ನು ಮಾತಾಡಿಸುವುದಿಲ್ಲ. ಈ ಸಲ ನನಗೆ ಅವರ ಮೇಲೆ ಸಿಟ್ಟಿಲ್ಲ.

ಆದರೆ ಆ ಸೋಮವಾರ ಅವನನ್ನು ಕರೆದುಕೊಂಡು ಹೋಗುವಾಗ ನಡೆದದ್ದನ್ನು ನಾನು ಮಂಗಳಗೌರಿಗೂ ಹೇಳಿಲ್ಲ. ಪೊಲೀಸರು ಅವನನ್ನು ನನ್ನ ಬೆಂಚಿನ ಪಕ್ಕದಲ್ಲೇ ನಡೆಸಿಕೊಂಡು ಹೋದರು. ಅವನು ಒಂದು ಕ್ಷಣ ನಿಂತು, ನನ್ನನ್ನು ಸಮಾಧಾನ ಮಾಡುವವನ ಹಾಗೆ ಬಗ್ಗಿ, "ನೀರು ತಣ್ಣಗಿತ್ತು ಕಣಕ್ಕ," ಅಂದ.

ತಣ್ಣಗಿತ್ತು. ಅದು ನಿಜ. ಆ ಮಧ್ಯಾಹ್ನ, ಹಟ್ಟಿಯಲ್ಲಿ, ಅವನ ಪುಟ್ಟ ಹೆಜ್ಜೆ ಸದ್ದು ದೂರವಾದ ಮೇಲೆ, ಹೆದರಿ ನನ್ನ ಬಾಯಿ ಒಣಗಿಹೋಗಿತ್ತು. ಮುಚ್ಚಿದ ಬಾಗಿಲಿಗೆ ಒರಗಿ ನಿಂತು ಆ ಚೊಂಬಿನ ನೀರನ್ನು ಪೂರ್ತಿ ಕುಡಿದವಳು ನಾನು.